ನಾಳೆಯ ತಾರೀಕು

ಬುಧವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಚನ್ನಗಿರಿ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್ ಅಂಗಡಿಗೆ ಬಂದ ಸವಳಂಗದ ಕಲ್ಲೇಶಪ್ಪ, ಬದುಕಿರುವ ಮಗಳಿಗೆ ಶ್ರದ್ಧಾಂಜಲಿಯ ಬ್ಯಾನರ್ ಮಾಡಿಕೊಡು ಎಂದರು.

ಅಂಗಡಿಯ ವಿನಯ್ ಕುಮಾರನಿಗೆ ಇದು ಹೊಸದಲ್ಲ. ಬೇರೆ ಜಾತಿಯ ಹುಡುಗನ ಜೊತೆ ಹೋದವಳು ಮನೆಯ ಪಾಲಿಗೆ ಸತ್ತಳೆಂದು ಸಾರಲು ಊರ ಮುಂದೆ ಬ್ಯಾನರ್ ಕಟ್ಟುವವರಿದ್ದಾರೆ. ಹೋದ ವರ್ಷ ಅಂಥದ್ದೊಂದನ್ನು ಅವನೇ ಮುದ್ರಿಸಿದ್ದ. ಆದರೆ ಈಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿದ್ದವಳು ಅವನಿಗೆ ಗೊತ್ತಿದ್ದವಳೇ. ಎಂಟು ದಿನದ ಹಿಂದೆ ಆ ಹುಡುಗಿಯನ್ನೂ ಅವಳು ಮೆಚ್ಚಿದ ತನ್ನ ಗೆಳೆಯ ಓಂಕಾರನನ್ನೂ ಬಿಳಿಚೋಡಿನಲ್ಲಿರುವ ತನ್ನದೇ ಸೋದರತ್ತೆಯ ಮನೆಗೆ ಮುಟ್ಟಿಸಿ ಬಂದವನು ಅವನೇ.

ಅದು ಈ ಮನುಷ್ಯನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಸವಳಂಗಕ್ಕೆ ಹತ್ತಿರದ ನ್ಯಾಮತಿ, ಹೊನ್ನಾಳಿಯ ಅಂಗಡಿಗಳನ್ನು ಬಿಟ್ಟು ಇಷ್ಟು ದೂರ ಬಂದದ್ದು ನಾಚಿಕೆಗಿರಬೇಕು ಎಂದುಕೊಂಡ.

"ಸೈಜು ಎಷ್ಟು, ಯಜಮಾನ್ರೇ?"

"ಎಷ್ಟಾದ್ರೂ ಆಗ್ಲಿ. ಲೀಡರ್‌ಗಳ ಹುಟ್ಟುಹಬ್ಬಕ್ಕೆ ಹಾಕ್ತೀಯಲ್ಲ, ಅಷ್ಟು ಇರ್ಲಿ. ಅವರಿಗಿಂತ ನನ್ನ ಮಗಳು ಚೆಂದ ಅದಾಳೆ."

ವಿನಯ್ ಫೋಟೊ ಕೂರಿಸಿದ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ ದಪ್ಪಕ್ಷರದಲ್ಲಿ 'ಕಾವ್ಯಶ್ರೀ', ಎರಡೂ ಬದಿಗೆ ದೀಪ. ಕಲ್ಲೇಶಪ್ಪ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು.

"ದುಃಖತಪ್ತರು ಅಂತ ನನ್ನ ಹೆಸರು ಹಾಕು. ಕಲ್ಲೇಶಪ್ಪ ಮತ್ತು ತಮ್ಮಂದಿರು, ಸವಳಂಗ."

"ಮರಣದ ತಾರೀಕು ಬ್ಯಾಡ ಅಲ್ವಾ? ಇಂಥವಕ್ಕೆ ಹಾಕಲ್ಲ."

"ಹಾಕು. ನಾಳೇದು."

"ನಾಳೇದಾ?"

"ಗುರುವಾರ. ಒಳ್ಳೇ ದಿನ."

ಕೀಬೋರ್ಡಿನ ಮೇಲೆ ವಿನಯ್‌ನ ಬೆರಳು ನಿಂತಿತು. "ಸಿಕ್ಕಳಾ, ಯಜಮಾನ್ರೇ?"

"ಸಿಕ್ಕಂಗೇ ತಿಳ್ಕೋ."

ಸಾಮಾನ್ಯವಾಗಿ ಗಿರಾಕಿಗಳು ಒಂದು ದೀರ್ಘಕ್ಕೂ ಜಗಳವಾಡುತ್ತಾರೆ. ಕಲ್ಲೇಶಪ್ಪ ಒಂದಕ್ಷರವನ್ನೂ ತಿದ್ದಿಸಲಿಲ್ಲ. ಸಂಜೆ ಬರ್ತೀನಿ ಎಂದು ಮೆಟ್ಟಿಲಿಳಿದು ಹೋದರು.

ಓಂಕಾರನಿಗೆ ಫೋನ್ ಮಾಡುವಂತಿರಲಿಲ್ಲ. ಟವರ್ ಹಿಡಿದು ಹುಡುಕಿಯಾರೆಂದು ಇಬ್ಬರ ಸಿಮ್ಮನ್ನೂ ವಿನಯ್‌ನೇ ತೆಗೆಸಿದ್ದ. ಅತ್ತೆ ದ್ಯಾಮಮ್ಮ ಕುರಿ ಹೊಡೆದುಕೊಂಡು ಹೋಗುವಾಗ ಫೋನ್ ಮನೆಯಲ್ಲೇ ಬಿಡುತ್ತಾಳೆ. ಮೂರು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ; ಯಾರ ಫೋನ್ ಬಂದರೂ ಎತ್ತಬೇಡಿ ಎಂದು ಅವರಿಬ್ಬರಿಗೂ ಹೇಳಿ ಬಂದವನು ಅವನೇ. ಪೊಲೀಸರಿಗೆ ಹೇಳಿದರೆ ಊರಿನ ಹೆಸರನ್ನೂ ಹೇಳಬೇಕು. ಅದು ಎಲ್ಲಿಂದ ಎಲ್ಲಿಗೆ ಮುಟ್ಟೀತೋ ಎಂಬ ಭಯ.

ಅವನು ಷಟರ್ ಎಳೆದು ಬೈಕ್ ಹತ್ತಿದ. ದಾವಣಗೆರೆ ದಾಟಿ ಬಿಳಿಚೋಡು ಸೇರಲು ಎರಡು ಗಂಟೆ ಬೇಕು. ಕಲ್ಲೇಶಪ್ಪನವರ ತಮ್ಮಂದಿರು ಆಗಲೇ ಹೊರಟಿದ್ದರೆ? ತನ್ನ ಮುಂದೆ ಹೋಗುತ್ತಿದ್ದ ಕಾರುಗಳನ್ನೆಲ್ಲ ಹಿಂದೆ ಹಾಕಿ, ಒಂದೊಂದರೊಳಗೂ ಇಣುಕಿ ನೋಡಿದ. ಸವಳಂಗದ ಮುಖ ಒಂದೂ ಕಾಣಲಿಲ್ಲ.

ಹನ್ನೊಂದೂ ಐವತ್ತಕ್ಕೆ ಅತ್ತೆಯ ಮನೆ ಕಂಡಿತು. ಬಾಗಿಲ ಮುಂದೆ ಯಾವ ವಾಹನವೂ ಇರಲಿಲ್ಲ. ಕಾವ್ಯಶ್ರೀ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ವಿನಯ್‌ಗೆ ಜೀವ ಬಂದಂತಾಯಿತು.

"ಏನಣ್ಣಾ, ಇಂಥ ಬಿಸಿಲಾಗೆ? ನಿಮ್ಮ ದೋಸ್ತ್ ಅತ್ತೆ ಜೊತೆ ಕುರಿ ಕಾಯಾಕೆ ಹೋಗ್ಯಾರೆ. ದಾರಿ ತಪ್ತಾರೆ ಅಂತ ಕುರಿಗಳೇ ಅವರನ್ನ ಕಾಯ್ಕೊಂಡು ಬರ್ತಾವಂತೆ."

"ಏಳು ತಂಗೀ. ಬ್ಯಾಗ್ ತಗೋ. ನಿಮ್ಮಪ್ಪಂಗೆ ಗೊತ್ತಾಗೈತೆ, ನಾಳೆ ಒಳಗೆ..."

ಕಾವ್ಯಶ್ರೀ ಅವನ ಮಾತು ಕೇಳುತ್ತಿರಲಿಲ್ಲ. ಅವಳು ಅವನ ಹೆಗಲಾಚೆ ನೋಡುತ್ತಿದ್ದಳು. ಮಡಿಲ ಮೊರ ಜಾರಿ ಕಾಳು ಚೆಲ್ಲಿತು.

ಅವನ ಬೈಕಿನ ಹಿಂದೆಯೇ ಬಂದು ನಿಂತಿದ್ದ ಕಾರಿನ ಮೂರು ಬಾಗಿಲು ತೆರೆದಿದ್ದವು. ತಮ್ಮಂದಿರಲ್ಲೊಬ್ಬ ಬಂದವನೇ ವಿನಯ್‌ನ ಫೋನನ್ನೂ ಬೈಕಿನ ಕೀಯನ್ನೂ ಕಿತ್ತುಕೊಂಡ. ಇನ್ನೊಬ್ಬ ಹುಡುಗಿಯ ರಟ್ಟೆ ಹಿಡಿದ.

"ಅಪ್ಪಾಜಿ, ಬ್ಯಾಡ..." ಎಂದಳು ಕಾವ್ಯಶ್ರೀ.

ಕಲ್ಲೇಶಪ್ಪ ಮಗಳನ್ನು ನೋಡಲಿಲ್ಲ. ವಿನಯ್‌ನ ಬೆನ್ನ ಮೇಲೆ ಕೈಯಿಟ್ಟರು, ಮನೆಗೆ ಬಂದ ನೆಂಟನ ಬೆನ್ನು ಸವರುವ ಹಾಗೆ.

"ಅವನ ದೋಸ್ತ್‌ಗಳನ್ನ ನಾಕು ಜನಾನ ಕೇಳಿದೆ ತಮ್ಮಾ, ಒಬ್ರೂ ಬಾಯಿ ಬಿಡಲಿಲ್ಲ. ಅದಕ್ಕೆ ನಿನ್ನ ಏನೂ ಕೇಳಲಿಲ್ಲ. ಬರೀ ಫೋಟೊ ಕೊಟ್ಟೆ. ಹೆಸರು ನಾನು ಹೇಳೇ ಇರಲಿಲ್ಲ, ನೀನೇ ಹಾಕಿದೆ. ಊರು ಯಾವುದು ಅಂತ ನಮಗೆ ಗೊತ್ತಿರಲಿಲ್ಲ, ದಾರೀನೂ ನೀನೇ ತೋರಿಸ್ದೆ."

ಕಾವ್ಯಶ್ರೀಯನ್ನು ಚಿಕ್ಕಪ್ಪಂದಿರ ನಡುವೆ ಕೂರಿಸಿಕೊಂಡ ಕಾರು ಸವಳಂಗದ ಕಡೆಗೆ ತಿರುಗದೆ, ಜಗಳೂರಿನ ರಸ್ತೆ ಹಿಡಿಯಿತು.