ಮೊದಲೇ ಬಂದ ಕೂಸು

ಗೋದಲಿಗೆ ಹಾಸುವ ಒಣ ಕಣಿಕೆಯ, ಜೋಳದ ದಂಟಿನ ವಾಸನೆ ಎಂದರೆ ರೆಜಿನಮ್ಮನಿಗೆ ಬಾಲ್ಯದಿಂದಲೂ ಕ್ರಿಸ್‌ಮಸ್. ಇವತ್ತು ರಾಣೆಬೆನ್ನೂರಿನ ಚರ್ಚಿನೊಳಗೆ ಅದೇ ವಾಸನೆಯ ನಡುವೆ ಅವಳು ಗೋದಲಿಯ ಮುಂದೆ ತಟ್ಟನೆ ನಿಂತಳು. ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದಲ್ಲಿ ಮೊದಲ ವಾರವೇ ಇನ್ನೂ ಮುಗಿದಿಲ್ಲ, ಗೋದಲಿಯಲ್ಲಿ ಬಾಲಯೇಸು ಆಗಲೇ ಮಲಗಿದ್ದಾನೆ. ಹಬ್ಬದ ರಾತ್ರಿಯವರೆಗೆ ಆ ಹುಲ್ಲಿನ ಹಾಸಿಗೆ ಬರಿದಾಗಿಯೇ ಇರಬೇಕೆಂದು ಮಕ್ಕಳಿಗೆಲ್ಲ ಹೇಳಿಕೊಟ್ಟವನು ವರ್ಷವೂ ಗೋದಲಿ ಕಟ್ಟುವ ಅವಳ ಗಂಡ ಇನ್ನಾಸಪ್ಪನೇ. ಈಗ ಅದನ್ನು ಅವನೇ ಮರೆತು ಮೂರ್ತಿ ಇಟ್ಟುಬಿಟ್ಟಿದ್ದ. ಅವನ ಮರೆವನ್ನು ಅವಳು ಇಷ್ಟು ದಿನ ಎಲ್ಲರಿಂದ ಮುಚ್ಚಿಟ್ಟಿದ್ದಳು.

ಫಾದರ್ ನೋಡುವ ಮೊದಲೇ ಮೂರ್ತಿಯನ್ನು ಬೀರುವಿನೊಳಗೆ ಇಟ್ಟುಬಿಡಬೇಕೆಂದು ಅವಳು ಬಗ್ಗಿದಳು. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಇನ್ನಾಸಪ್ಪ ಅವಳ ಮುಂಗೈ ಹಿಡಿದ.

"ಕೂಸು ಈಗರ ಮಕ್ಕೊಂಡೈತಿ. ಎಬ್ಬಿಸಬ್ಯಾಡ್ರಿ ಬಾಯಾರ."

ಬಾಯಾರ! ಪರ ಹೆಂಗಸನ್ನು ಮರ್ಯಾದೆಯಿಂದ ಕರೆಯುವ ಹಾಗೆ. ಮದುವೆಯಾದಾಗಿನಿಂದ ಅವನು ಅವಳನ್ನು 'ಏ ರೆಜೀ' ಎಂದಲ್ಲದೆ ಬೇರೆ ರೀತಿ ಕರೆದವನಲ್ಲ.

"ಚಾಷ್ಟಿ ಸಾಕು ಮಾಡ್ರಿ. ನಾ ಯಾರು, ಹೇಳ್ರಿ ನೋಡೂಣು?" ಎಂದು ಅವಳು ನಗಲು ನೋಡಿದಳು.

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. "ಗುರ್ತ ಸಿಗವಲ್ದು. ತಪ್ಪ ತಿಳಕೋಬ್ಯಾಡ್ರಿ," ಎಂದು ನಾಚಿಕೊಂಡು ಕೈ ಬಿಟ್ಟ. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ. "ಕುಂದರ್ರಿ. ನಮ್ಮಾಕಿ ಬುತ್ತಿ ತರ್ತಾಳ. ನಿಮಗೂ ಒಂದು ರೊಟ್ಟಿ ಕೊಡ್ತೇನಿ."

ರೆಜಿನಮ್ಮ ಬಾಲಯೇಸುವನ್ನು ಮಲಗಿದ್ದಲ್ಲೇ ಬಿಟ್ಟಳು. ಅವನ ಪಕ್ಕದಲ್ಲಿ ಕುಳಿತು, ಚೀಲದಿಂದ ಬುತ್ತಿ ತೆಗೆದು, ಅವನ ಕೈಗಿಟ್ಟಳು.

"ಆಕೀನ ಕಳಿಸ್ಯಾಳ್ರಿ," ಎಂದಳು.