ಹೌದು, ಆಗಿದೆ

ತಕ್ಕಡಿಯ ಮುಳ್ಳು ಎರಡೂವರೆ ಕಿಲೋದ ಹತ್ತಿರ ಬಂದು ನಿಂತಿತು. ಹುಟ್ಟಿದಾಗ ಎರಡು ಮುಕ್ಕಾಲು ಕಿಲೋ ಇದ್ದ ಕೂಸು ಹದಿನಾರು ದಿನಕ್ಕೆ ಕಾಲು ಕಿಲೋ ಇಳಿದುಹೋಗಿತ್ತು. ತುಮಕೂರಿನ ಮಕ್ಕಳ ಡಾಕ್ಟರಮ್ಮ ಅದರ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟು ನೋಡಿದರು. ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆ ಮಾಡುತ್ತದೆ ಎಂದು ಕೇಳಿದರು. ಎರಡು, ಹೆಚ್ಚೆಂದರೆ ಮೂರು ಎಂದಳು ಶೃತಿ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಅವಳ ಮುಖವನ್ನೇ ನೋಡಿದರು.

“ಎದೆಗೆ ಯಾವತ್ತಾದ್ರೂ ಆಪರೇಷನ್ ಆಗಿದೆಯೇನಮ್ಮ?”

“ಇಲ್ಲ ಇಲ್ಲ ಮೇಡಂ, ಅಂಥಾದ್ದೇನೂ ಆಗಿಲ್ಲ,” ಎಂದು ತಟ್ಟನೆ ಹೇಳಿದವರು ಶೃತಿಯ ತಾಯಿ ಶಕುಂತಲಮ್ಮ. ಮೇಜಿನ ಕೆಳಗೆ ಅವರ ಕೈ ಮಗಳ ಮಂಡಿಯನ್ನು ಬಿಗಿಯಾಗಿ ಒತ್ತಿತು. ಆಚೆ ಬದಿಯ ಕುರ್ಚಿಯಲ್ಲಿ ಶೃತಿಯ ಅತ್ತೆ ಶಿವರುದ್ರಮ್ಮ ಕೂತಿದ್ದರು. ಮೊಮ್ಮಗಳನ್ನು ನೋಡಲು ಮಾರ್ಕೋನಹಳ್ಳಿಯಿಂದ ಗುಬ್ಬಿಗೆ, ಸೊಸೆಯ ತವರಿಗೆ, ಬಂದು ಎರಡು ದಿನವಾಗಿತ್ತು. ಬಂದಾಗಿನಿಂದ ಹಾಲು ಹೆಚ್ಚಲೆಂದು ಸೊಸೆಗೆ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ತಿನ್ನಿಸಿದ್ದೇ ತಿನ್ನಿಸಿದ್ದು. ಇವತ್ತು ಬೆಳಿಗ್ಗೆ ಮಗುವಿನ ಅಳು ಕೇಳಿ, “ಇದು ಹೊಟ್ಟೆನೋವಿನ ಅಳು ಅಲ್ಲ, ಹಸಿವಿಂದು. ಏಳ್ರಿ, ತುಮ್ಕೂರಿಗೆ ಹೋಗಾನ,” ಎಂದು ಬಾಣಂತಿ ಎಂಬುದನ್ನೂ ಲೆಕ್ಕಿಸದೆ ಹೊರಡಿಸಿದವರು ಅವರೇ.

‘ಇಲ್ಲ’ ಎಂದರೆ ಏನಾಗುತ್ತದೆಂದು ಶೃತಿಗೆ ಗೊತ್ತಿತ್ತು. ಕುಡಿಸ್ತಾ ಇರಿ, ಹಾಲು ತಾನಾಗೇ ಬರುತ್ತೆ ಎಂದು ಕಳಿಸುತ್ತಾರೆ. ಗುಬ್ಬಿಯಲ್ಲಿ ನರ್ಸು ಹಾಗೆಯೇ ಕಳಿಸಿದ್ದಳು. ‘ಹೌದು’ ಎಂದರೆ ಏನಾಗುತ್ತದೆಂದು ಗೊತ್ತಿರಲಿಲ್ಲ. ಗಂಡ ದಯಾನಂದನಿಗೆ ಮದುವೆಗೆ ಮುಂಚೆಯೇ ಎಲ್ಲ ಹೇಳಿದ್ದಳು. ‘ನಮ್ಮಮ್ಮಂಗೆ ಮಾತ್ರ ಗೊತ್ತಾಗೋದು ಬೇಡ’ ಎಂದಿದ್ದ ಅವನು. ಬೆಳಿಗ್ಗೆಯೆಲ್ಲ ಅತ್ತು ಸೋತಿದ್ದ ಕೂಸು ಈಗ ಸದ್ದಿಲ್ಲದೆ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

“ಹೌದು, ಆಗಿದೆ,” ಎಂದಳು ಶೃತಿ. “ಐದು ವರ್ಷ ಆಯ್ತು. ಬೆಂಗಳೂರಲ್ಲಿ. ಎರಡೂ ಕಡೆ ಸಣ್ಣ ಮಾಡಿಸ್ಕೊಂಡೆ.”

“ಗಂಟಿತ್ತು ಮೇಡಂ, ಗಂಟು!” ಶಕುಂತಲಮ್ಮ ನಡುವೆ ಬಾಯಿ ಹಾಕಿದರು.

“ಗಂಟಿರಲಿಲ್ಲ ಅಮ್ಮ. ಭಾರ ಇತ್ತು.”

ಡಾಕ್ಟರಮ್ಮ ಬೈಯಲಿಲ್ಲ. “ಹೇಳಿದ್ದು ಒಳ್ಳೇದಾಯ್ತು. ಇನ್ನೆರಡು ದಿನ ಬಿಟ್ಟಿದ್ರೆ ಡ್ರಿಪ್ ಹಾಕಬೇಕಾಗ್ತಿತ್ತು,” ಎಂದರು. “ಹಾಲಿನ ನಾಳ ಕೆಲವು ಹೋಗಿರುತ್ತೆ, ಕೆಲವು ಉಳಿದಿರುತ್ತೆ. ಮೊದಲು ಎರಡೂ ಕಡೆ ಕುಡಿಸು. ಆಮೇಲೆ ಸಾಲದ್ದಕ್ಕೆ ಡಬ್ಬಿ ಹಾಲು. ಬಾಟ್ಲಿ ಬೇಡ, ಒಳಲೆಯಲ್ಲಿ ಹಾಕು. ನಿನ್ನ ಹಾಲು ಬರೋಷ್ಟು ಬರಲಿ, ಅದನ್ನ ನಿಲ್ಲಿಸಬೇಡ.”

ಶಕುಂತಲಮ್ಮ ಯಾರ ಮುಖವನ್ನೂ ನೋಡದೆ ಹಾಲಿನ ಡಬ್ಬಿ ತರಲು ಮೆಡಿಕಲ್ ಸ್ಟೋರಿಗೆ ಓಡಿದರು. ಪರದೆ ಕಟ್ಟಿದ ಮೂಲೆಯಲ್ಲಿ ಶೃತಿ ಕೂಸಿಗೆ ಮೊಲೆ ಕೊಟ್ಟಳು. ಅತ್ತೆಯೂ ಒಳಗೆ ಬಂದರು. ಇಷ್ಟು ದಿನ ಸೆರಗಿನ ಅಡಿಯಲ್ಲಿ ಮುಚ್ಚಿಟ್ಟಿದ್ದ ಗಾಯದ ಗೆರೆಗಳನ್ನು ಶೃತಿ ಇವತ್ತು ಮುಚ್ಚಲಿಲ್ಲ. ಶಿವರುದ್ರಮ್ಮ ಬಗ್ಗಿ ನೋಡಿದರು.

“ಕೂಸು ಉಣ್ಣೋದ್ನೇ ಕುಯ್ಸಿದ್ಯಲ್ಲೇ! ಚೆಂದ ಕಾಣ್ಲಿ ಅಂತಾನಾ?”

“ಚೆಂದಕ್ಕಲ್ಲ ಅತ್ತೆ.” ಈ ಪ್ರಶ್ನೆಗೆ ಶೃತಿ ಎಷ್ಟೋ ಉತ್ತರಗಳನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು. ಈಗ ಬಾಯಿಗೆ ಬಂದದ್ದು ಸ್ವಲ್ಪವೇ. “ಪಿಯುಸಿಲಿದ್ದಾಗ್ಲೇ ಬೆಳಿಗ್ಗೆ ಎದ್ದರೆ ಕತ್ತು ಎತ್ತೋಕೆ ಆಗ್ತಿರಲಿಲ್ಲ, ಬೆನ್ನೆಲ್ಲ ನೋವು. ಬ್ರಾ ಪಟ್ಟಿ ಒತ್ತಿ ಒತ್ತಿ ಎರಡೂ ಹೆಗಲು ಹಳ್ಳ ಬಿದ್ದಿತ್ತು. ಬೇಸಿಗೇಲಿ ಕೆಳಗೆಲ್ಲ ಹುಣ್ಣು. ಬಸ್ಸಲ್ಲಿ ಹುಡುಗ್ರು ಒಂದು ಹೆಸರಿಟ್ಟಿದ್ರು, ಅದು ಬಿಡಿ. ಮುಂದೆ ಹಾಲು ಕಮ್ಮಿ ಆಗಬಹುದು ಅಂತ ಡಾಕ್ಟ್ರು ಹೇಳೇ ಸೈನ್ ತಗೊಂಡ್ರು. ಹಾಕಿದೆ. ಆವಾಗ ಮಗು ಅನ್ನೋದು ಎಲ್ಲೋ ದೂರದಲ್ಲಿತ್ತು ಅತ್ತೆ. ನೋವು ಇಲ್ಲೇ ಇತ್ತು.”

ಡಬ್ಬಿ ಬಂತು. ನರ್ಸು ಹಾಲು ಕದಡಿ ಮೂತಿಯಿರುವ ಪುಟ್ಟ ಒಳಲೆಗೆ ಹಾಕಿ ಕೊಟ್ಟಳು. ಶಿವರುದ್ರಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಇಸಿದುಕೊಂಡು ಕಾಲ ಮೇಲೆ ಮಲಗಿಸಿಕೊಂಡು, ತೊಟ್ಟು ತೊಟ್ಟಾಗಿ ಅದರ ತುಟಿಯ ಅಂಚಿಗೆ ಬಿಟ್ಟರು. ಮೊದಲ ಎರಡು ಗುಟುಕು ಕಟವಾಯಿಂದ ಇಳಿದುಹೋಯಿತು. ಮೂರನೆಯದನ್ನು ಅದು ನುಂಗಿತು. ಆಮೇಲೆ ಬಿಡಲೇ ಇಲ್ಲ. ಒಳಲೆ ಬರಿದಾಗುವ ಹೊತ್ತಿಗೆ ಅದರ ಬಿಗಿದ ಮುಷ್ಟಿಗಳು ಸಡಿಲಿ ಅಂಗೈ ಕಾಣಿಸಿದವು. ಹದಿನಾರು ದಿನದಲ್ಲಿ ಮಗಳು ಅಂಗೈಯನ್ನು ಹೀಗೆ ಬಿಚ್ಚಿ ಇಟ್ಟದ್ದನ್ನು ಶೃತಿ ನೋಡಿರಲೇ ಇಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

“ಅಳ್ಬ್ಯಾಡ ಬುಡು. ಅಳ್ತಾ ಕುಂತ್ರೆ ಇರೋ ಹಾಲೂ ಇಂಗೋಯ್ತದೆ,” ಎಂದರು ಶಿವರುದ್ರಮ್ಮ, ಮಗುವನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟುತ್ತಾ. ಅದು ತೇಗಿತು. ಪರದೆಯ ಆಚೆ ಯಾರೂ ಇಲ್ಲವೆಂದು ಒಮ್ಮೆ ನೋಡಿಕೊಂಡರು. ಆಮೇಲೆ ಧ್ವನಿ ತಗ್ಗಿಸಿ ಕೇಳಿದರು.

“ಕುಯ್ಸಿದ್ಮ್ಯಾಲೆ ಬೆನ್ನು ನೋವು ನಿಂತೋಯ್ತಾ?”

“ಹೂಂ ಅತ್ತೆ. ಪೂರ್ತಿ.”

ಶಿವರುದ್ರಮ್ಮ ತಮ್ಮ ಭಾರವಾದ ಎದೆಯ ಮೇಲೆ ಒಂದು ಕೈಯಿಂದ ಸೆರಗು ಎಳೆದುಕೊಂಡು ಹೇಳಿದರು: “ನಲವತ್ತು ವರ್ಷದಿಂದ ನಾನು, ನಾಟಿ ಹಾಕಿ ಹಾಕಿ ಬೆನ್ನು ಬಗ್ಗೋಯ್ತು ಅಂತ ಎಲ್ರಿಗೂ ಹೇಳ್ಕಂಡ್ ಬಂದಿವ್ನಿ.”