ಎರಡೂವರೆ ಮಿಲಿಮೀಟರ್

ಕೆಳದವಡೆಯಲ್ಲಿ ಸ್ಕ್ರೂ ಕೂರಿಸಿ ಹೊಸ ಹಲ್ಲು ಕಟ್ಟಿಸಿಕೊಳ್ಳಲು ಬಂದಿದ್ದ ಹಿರಿಯರು ಕುರ್ಚಿಯಲ್ಲಿ ಒರಗಿದರೇ ಹೊರತು ಬಾಯಿ ತೆರೆಯಲು ಒಪ್ಪಲಿಲ್ಲ.

“ಸ್ಕ್ರೂ ತುದಿಗೂ ಒಳಗಿನ ನರಕ್ಕೂ ಎಷ್ಟು ಅಂತರ ಬಿಟ್ಟಿದೀರಮ್ಮ?”

“ಎರಡೂವರೆ ಮಿಲಿಮೀಟರ್, ಸರ್,” ಎಂದರು ಯುವ ದಂತವೈದ್ಯೆ.

“ಅಂದಾಜಾ, ಅಳತೆನಾ?”

“ಸ್ಕ್ಯಾನ್ ನೋಡಿ ಅಳೆದಿದೀನಿ.”

“ಇನ್ನೊಂದ್ಸಲ ಅಳೀರಿ. ನರಕ್ಕೆ ತಗುಲಿದ್ರೆ ತುಟಿ ಸಾಯೋತನಕ ಜೋಮು ಹಿಡ್ಕೊಂಡಿರುತ್ತೆ.”

ವೈದ್ಯೆ ಮತ್ತೆ ಅಳೆದು ತೋರಿಸಿದರು. ನಿನ್ನೆಯ ಶುಗರ್ ರಿಪೋರ್ಟ್ ಹಳೆಯದಾಯಿತೆಂದು ಹಿರಿಯರು ಬೆರಳು ಚಾಚಿದರು. ಅದನ್ನೂ ಚುಚ್ಚಿ ನೋಡಿದ್ದಾಯಿತು. ಸ್ಕ್ರೂ ಇದ್ದ ಪ್ಯಾಕೆಟ್ಟನ್ನು ತಮ್ಮ ಕಣ್ಣೆದುರೇ ಒಡೆಯಬೇಕೆಂದರು. ವೈದ್ಯೆಯ ಗ್ಲೌಸನ್ನೂ ಎರಡು ಸಲ ಬದಲಿಸಲು ಹೇಳಿದರು.

“ಬೇಜಾರಾಯ್ತೇನಮ್ಮ?”

“ಇಲ್ಲ ಸರ್. ಎಲ್ಲ ಪೇಶೆಂಟೂ ಹೀಗೇ ಕೇಳಿದ್ರೆ ನಮ್ಮಂಥ ಡಾಕ್ಟರುಗಳು ಹುಷಾರಾಗಿರ್ತಾರೆ. ತಾವು ಏನ್ ಕೆಲಸ ಮಾಡ್ತೀರಿ?”

“ಏನೋ ಒಂದು. ಸ್ವಂತದ್ದು.”

ವೈದ್ಯೆ ಅರಿವಳಿಕೆಯ ಸೂಜಿ ಎತ್ತುವ ಹೊತ್ತಿಗೆ ಹಿರಿಯರ ಫೋನು ರಿಂಗಾಯಿತು. ಅವರು ಕೈಯೆತ್ತಿ ಸೂಜಿಯನ್ನು ತಡೆದು, ಫೋನನ್ನು ಕಿವಿಗಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

“ಸ್ಕ್ಯಾನ್ ಮಾಡಲ್ವಾ ಅಂತ ಕೇಳ್ತಿದಾರಾ ಪೇಶೆಂಟು? ಅದೆಲ್ಲ ಏನೂ ಬೇಡಮ್ಮ. ಸಂಜೆ ನಾನೇ ಕ್ಲಿನಿಕ್ಕಿಗೆ ಬಂದು ಸ್ಕ್ರೂ ಕೂರಿಸ್ತೀನಿ. ನಮ್ಮ ಡಾಕ್ಟರ ಹೆಬ್ಬೆರಳೇ ಸ್ಕ್ಯಾನು ಅಂತ ಹೇಳು.”